ವಕೀಲರು, ಮಂಡಿ ವರ್ತಕರು, ಗುಮಾಸ್ತರು: ನಮ್ಮ ನಾಯಕರು ಮೊದಲು ಏನು ಕೆಲಸ ಮಾಡುತ್ತಿದ್ದರು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವಳು, ವಯಸ್ಸು 24. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಊರಿಗೆ ಬಂದಿದ್ದೇನೆ. ಅಪ್ಪನದು ಬೇಸಾಯ, ಅಮ್ಮ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕು, ಆಮೇಲೆ ಇನ್ನೂ ಮೇಲಕ್ಕೆ ಹೋಗಬೇಕು ಅಂತ ನನಗೆ ಬಹಳ ಆಸೆ. "ಅಧಿಕಾರ ಬೇಕಾದರೆ ಕೆಎಎಸ್ ಬರಿ" ಅನ್ನುತ್ತಾರೆ ಅಪ್ಪ. "ರಾಜಕೀಯಕ್ಕೆ ಎಲ್‌ಎಲ್‌ಬಿ ಇರಲೇಬೇಕು, ಮೊದಲು ಅದನ್ನು ಮಾಡು" ಅನ್ನುತ್ತಾನೆ ಅಣ್ಣ. ನಮ್ಮ ಭಾಗದಲ್ಲಿ ಮೇಲೆ ಬಂದವರು ಮೊದಲು ಏನು ಕೆಲಸ ಮಾಡುತ್ತಿದ್ದರು? ನಾನು ಈಗ ಯಾವ ಕೆಲಸ ಹಿಡಿಯಬೇಕು?

ಉತ್ತರ: ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಎರಡು ದಾರಿಗಳು ಬೆರೆತುಹೋಗಿವೆ. ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿಯ ಸಿಇಒ, ತಹಶೀಲ್ದಾರ್, ಮಹಾನಗರ ಪಾಲಿಕೆಯ ಆಯುಕ್ತರು, ನಿಮ್ಮ ಪಂಚಾಯಿತಿಯ ಪಿಡಿಒ, ಇವರೆಲ್ಲ ನೇಮಕಾತಿಯಿಂದ ಬಂದವರು. ಮೇಯರ್, ಪಂಚಾಯಿತಿ ಅಧ್ಯಕ್ಷರು, ಶಾಸಕರು ಚುನಾವಣೆಯಿಂದ ಬಂದವರು. ಮೊದಲನೆಯ ಗುಂಪಿನವರು ಸೇವೆಯಲ್ಲಿ ಇರುವಷ್ಟು ದಿನ ಯಾವ ಪಕ್ಷದ ಕೆಲಸವನ್ನೂ ಮಾಡುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ನಿಲ್ಲಬೇಕೆಂದರೆ ರಾಜೀನಾಮೆ ಕೊಡಬೇಕು ಇಲ್ಲವೇ ನಿವೃತ್ತಿ ಆಗಬೇಕು. ಕೆಎಎಸ್ ಒಳ್ಳೆಯ ನೌಕರಿ, ಅದರಲ್ಲಿ ಜನರಿಗೆ ಉಪಕಾರ ಮಾಡಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ನಿಮ್ಮ ಆಸೆ ಊರಿನ ಪ್ರತಿನಿಧಿ ಆಗುವುದಾದರೆ ಅದು ಆ ಕಡೆಗೆ ಹೋಗುವ ರಸ್ತೆಯಲ್ಲ. ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಊರೂರು ಸುತ್ತಿ, ಮೂವತ್ತು ವರ್ಷ ಕಳೆದು ನಿಮ್ಮ ಊರಿಗೆ ಮರಳುವ ಹೊತ್ತಿಗೆ ನಿಮ್ಮನ್ನು ಹೆಸರು ಹಿಡಿದು ಕರೆಯುವವರೇ ಉಳಿದಿರುವುದಿಲ್ಲ.

ಅಣ್ಣನ ಮಾತಿಗೆ ಇತಿಹಾಸದ ಬಲವಿದೆ. ನಮ್ಮ ರಾಜ್ಯದ ಮೊದಲ ಇಪ್ಪತ್ತು ಇಪ್ಪತ್ತೈದು ವರ್ಷದ ಮುಖ್ಯಮಂತ್ರಿಗಳ ಪಟ್ಟಿ ತೆಗೆದು ನೋಡಿ: ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಬಿ.ಡಿ. ಜತ್ತಿ, ವೀರೇಂದ್ರ ಪಾಟೀಲ್. ಹೆಚ್ಚು ಕಡಿಮೆ ಎಲ್ಲರೂ ಕಾನೂನು ಓದಿದವರು. ನಮ್ಮವರೇ ಆದ ಎಸ್. ನಿಜಲಿಂಗಪ್ಪನವರೂ ಅಷ್ಟೆ. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಮುಗಿಸಿ, ಚಿತ್ರದುರ್ಗದಲ್ಲಿ ವಕೀಲಿ ಮಾಡಿಕೊಂಡಿದ್ದವರು. 1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿಯುವ ಅರಣ್ಯ ಸತ್ಯಾಗ್ರಹ ನಡೆದಾಗ ಮುಂದೆ ನಿಂತವರು ಅವರೇ.

ಆ ಕಾಲದಲ್ಲಿ ವಕೀಲರೇ ಏಕೆ ನಾಯಕರಾದರು ಎನ್ನುವುದನ್ನು ಸ್ವಲ್ಪ ನಿಂತು ನೋಡಬೇಕು, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. ಭಾಷಣ ಮಾಡಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು ಎನ್ನುವುದು ಎಲ್ಲರೂ ಹೇಳುವ ಕಾರಣ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಕಾರಣ. ಮೇಷ್ಟ್ರುಗಳಿಗೂ ಭಾಷಣ ಬರುತ್ತಿತ್ತು, ಆದರೆ ಸರ್ಕಾರಿ ಶಾಲೆಯ ಮೇಷ್ಟ್ರು ಚಳವಳಿಗೆ ಇಳಿದರೆ ಅವತ್ತೇ ಸಂಬಳ ನಿಲ್ಲುತ್ತಿತ್ತು. ವಕೀಲರು ನಾಲ್ಕು ತಿಂಗಳು ಕಚೇರಿ ಮುಚ್ಚಿ ಹೋಗಿ ಮತ್ತೆ ಬಂದು ಬಾಗಿಲು ತೆಗೆಯಬಹುದಿತ್ತು, ಕಕ್ಷಿದಾರರು ಮರಳಿ ಬರುತ್ತಿದ್ದರು. ಇನ್ನೊಂದು ಮಾತು: ಜಿಲ್ಲಾ ಕೋರ್ಟಿಗೆ ಎಲ್ಲ ತಾಲ್ಲೂಕಿನ ರೈತರೂ ಬರಲೇಬೇಕಿತ್ತು. ಜಮೀನಿನ ವ್ಯಾಜ್ಯ, ಪಾಲು, ಸಾಲದ ದಾವೆ ಹಿಡಿದುಕೊಂಡು ಬಂದವರು ವಕೀಲರ ಜಗುಲಿಯಲ್ಲಿ ಕೂತು ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಹತ್ತು ವರ್ಷ ವಕೀಲಿ ಮಾಡಿದವರಿಗೆ ಯಾವ ಹಳ್ಳಿಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು, ಯಾರ ಹೊಲ ಯಾರ ಹತ್ತಿರ ಅಡವಿದೆ ಎಲ್ಲವೂ ಗೊತ್ತಿರುತ್ತಿತ್ತು.

ಅಂದರೆ ಜನ ತಮ್ಮ ಕೆಲಸಕ್ಕಾಗಿ ತಾವಾಗಿಯೇ ನಿಮ್ಮ ಬಾಗಿಲಿಗೆ ಬರಬೇಕು. ಚುನಾವಣೆಯಲ್ಲಿ ಸೋತರೂ ನಿಮ್ಮ ಮನೆಯ ಒಲೆ ಉರಿಯಬೇಕು. ಈ ಎರಡನ್ನೂ ಕೊಡುವ ಕೆಲಸ ಯಾವುದೋ ಅದರಿಂದಲೇ ನಾಯಕರು ಬಂದಿದ್ದಾರೆ, ಅವತ್ತೂ ಇವತ್ತೂ. ಸೋಲುವ ಮಾತು ಸುಮ್ಮನೆ ಹೇಳಿದ್ದಲ್ಲ. ಮುಖ್ಯಮಂತ್ರಿಯಾಗಿ ಬಂದ ನಿಜಲಿಂಗಪ್ಪನವರೇ 1962ರಲ್ಲಿ ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದ ಮೇಲೆ ಜಾಗ ಬಿಟ್ಟುಕೊಟ್ಟರು. ಅವರಂಥವರಿಗೇ ಸೋಲು ಬಂದಿದೆ ಎಂದಮೇಲೆ ನಾವು ನೀವು ಅದಕ್ಕೆ ತಯಾರಾಗಿಯೇ ಇಳಿಯಬೇಕು.

ಎಪ್ಪತ್ತರ ದಶಕದಿಂದ ವಕೀಲರ ಆ ಏಕಸ್ವಾಮ್ಯ ಸಡಿಲವಾಯಿತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರು ಬೇಸಾಯದ ಹಿನ್ನೆಲೆಯವರು. ಎಚ್.ಡಿ. ದೇವೇಗೌಡರು ಓದಿದ್ದು ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ. ಗುತ್ತಿಗೆದಾರರಾಗಿದ್ದವರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. ನಮ್ಮ ಪಕ್ಕದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಸಮಾಜ ಕಲ್ಯಾಣ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು, ಅದನ್ನು ಬಿಟ್ಟು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದರು, ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟರು, 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದರು. ಎಚ್.ಡಿ. ಕುಮಾರಸ್ವಾಮಿಯವರು ಸಿನಿಮಾ ನಿರ್ಮಾಪಕರು. ಬಸವರಾಜ ಬೊಮ್ಮಾಯಿಯವರು ಮೆಕ್ಯಾನಿಕಲ್ ಇಂಜಿನಿಯರ್. ಹಾಗಂತ ವಕೀಲರು ಹೋಗಿಲ್ಲ. ಸಿದ್ದರಾಮಯ್ಯನವರು ಮೈಸೂರಿನಲ್ಲಿ ವಕೀಲರಾಗಿದ್ದವರು, ಕಾನೂನು ಪಾಠವನ್ನೂ ಹೇಳಿದವರು. ಆದರೆ ಅವರೂ ವಿಧಾನಸಭೆಗೆ ಮೊದಲು ತಾಲ್ಲೂಕು ಬೋರ್ಡಿಗೆ ಆಯ್ಕೆಯಾಗಿ ಅಲ್ಲಿಂದ ಶುರು ಮಾಡಿದರು ಎನ್ನುವುದನ್ನು ಗುರುತು ಹಾಕಿಕೊಳ್ಳಿ. ಪುರಸಭೆ, ತಾಲ್ಲೂಕು ಬೋರ್ಡು, ಸಹಕಾರ ಸಂಘ, ಈ ಕೆಳಗಿನ ಮೆಟ್ಟಿಲನ್ನು ತುಳಿದು ಬಂದವರು ಪದವಿ ಯಾವುದೇ ಇದ್ದರೂ ಹೆಚ್ಚು ಕಾಲ ನಿಂತಿದ್ದಾರೆ.

ಇನ್ನು ನಮ್ಮ ಎರಡು ಜಿಲ್ಲೆಗಳಿಗೆ ಬರೋಣ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ಕ್ಕೆ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಿಮ್ಮ ಜಗಳೂರೂ ಚಿತ್ರದುರ್ಗ ಜಿಲ್ಲೆಯೇ. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ಅವರೂ ಕಾನೂನು ಪದವೀಧರರು, ಸಮಾಜವಾದಿ ಚಳವಳಿಯಿಂದ ಬಂದವರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು. ಒಂದೇ ಜಿಲ್ಲೆಯಾಗಿದ್ದ ಈ ನೆಲದ ಎರಡು ಲೋಕಸಭಾ ಕ್ಷೇತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಾಯಕರ ಹಿಂದಿನ ಕಸುಬಿನ ಬಗ್ಗೆ ಪುಸ್ತಕದಲ್ಲಿ ಸಿಗದ ಪಾಠ ಸಿಗುತ್ತದೆ.

ಚಿತ್ರದುರ್ಗ ಕ್ಷೇತ್ರದಿಂದ 1996ರಲ್ಲಿ ಗೆದ್ದವರು ಪಿ. ಕೋದಂಡರಾಮಯ್ಯ, ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದವರು. 1998ರಲ್ಲಿ ಕಾಂಗ್ರೆಸ್ಸಿನ ಸಿ.ಪಿ. ಮೂಡಲಗಿರಿಯಪ್ಪ. 1999ರಲ್ಲಿ ಸಿನಿಮಾ ನಟ ಶಶಿಕುಮಾರ್. 2004ರಲ್ಲಿ ಎನ್.ವೈ. ಹನುಮಂತಪ್ಪ, ಒರಿಸ್ಸಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 2009ರಲ್ಲಿ ಜನಾರ್ದನ ಸ್ವಾಮಿ, ಅಮೆರಿಕದ ಕಂಪ್ಯೂಟರ್ ಕಂಪನಿಗಳಲ್ಲಿ ಇಂಜಿನಿಯರ್ ಆಗಿದ್ದವರು. ಆಮೇಲೆ 2014ರಲ್ಲಿ ಬಿ.ಎನ್. ಚಂದ್ರಪ್ಪ, 2019ರಲ್ಲಿ ಆನೇಕಲ್ ಕಡೆಯ ಎ. ನಾರಾಯಣಸ್ವಾಮಿ, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ. ಪೊಲೀಸ್, ನಟ, ನ್ಯಾಯಮೂರ್ತಿ, ಇಂಜಿನಿಯರ್! ಇಷ್ಟು ಬಗೆಯ ವೃತ್ತಿಯವರನ್ನು ದೆಹಲಿಗೆ ಕಳಿಸಿದ ಕ್ಷೇತ್ರ ರಾಜ್ಯದಲ್ಲಿ ಇನ್ನೊಂದು ನನಗೆ ನೆನಪಾಗುವುದಿಲ್ಲ. ಆದರೆ 1996ರಿಂದ ಈಚೆಗೆ ಇಲ್ಲಿಂದ ಒಬ್ಬರೂ ಸತತವಾಗಿ ಎರಡು ಸಲ ಗೆದ್ದಿಲ್ಲ. ಪಕ್ಷಗಳ ಅಲೆ, ಟಿಕೆಟ್ ಲೆಕ್ಕಾಚಾರ, ಮೀಸಲಾತಿ ಎಲ್ಲವೂ ಇದರಲ್ಲಿ ಸೇರಿಕೊಂಡಿದೆ, ಒಪ್ಪುತ್ತೇನೆ. ಆದರೂ ನನ್ನ ಅಭಿಪ್ರಾಯ ಇಷ್ಟು: ಬೇರೆಲ್ಲೋ ಗಳಿಸಿದ ದೊಡ್ಡ ಹೆಸರು ಒಂದು ಸಲ ಗೆಲ್ಲಲು ಸಾಕು. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಜೊತೆಗೋ ಹಿರಿಯೂರಿನ ತೆಂಗಿನ ಬೆಳೆಗಾರರ ಜೊತೆಗೋ ಐದು ವರ್ಷ ಸಂಬಂಧ ಉಳಿಸಿಕೊಳ್ಳಲು ಆ ಹೆಸರು ನೆರವಾಗುವುದಿಲ್ಲ.

ದಾವಣಗೆರೆ ಕ್ಷೇತ್ರ ಇದಕ್ಕೆ ತದ್ವಿರುದ್ಧ. 1996ರಿಂದ 2024ರವರೆಗೆ ಎಲ್ಲ ಚುನಾವಣೆಗಳಲ್ಲೂ ಗೆದ್ದದ್ದು ಎರಡೇ ಮನೆತನದವರು. ಒಂದು, ಭೀಮಸಮುದ್ರದ ಅಡಿಕೆ ವರ್ತಕ ಮನೆತನ: ಜಿ. ಮಲ್ಲಿಕಾರ್ಜುನಪ್ಪನವರು 1996 ಮತ್ತು 1999ರಲ್ಲಿ, ಅವರ ಮಗ ಜಿ.ಎಂ. ಸಿದ್ದೇಶ್ವರ 2004ರಿಂದ ಸತತ ನಾಲ್ಕು ಸಲ. ಇನ್ನೊಂದು, ಶಾಮನೂರು ಮನೆತನ: 1998ರಲ್ಲಿ ಶಾಮನೂರು ಶಿವಶಂಕರಪ್ಪ, 2024ರಲ್ಲಿ ಅವರ ಸೊಸೆ ಪ್ರಭಾ ಮಲ್ಲಿಕಾರ್ಜುನ್. ಪ್ರಭಾ ಅವರು ಓದಿದ್ದು ದಂತವೈದ್ಯಕೀಯ. ಆ ಚುನಾವಣೆಯಲ್ಲಿ ಅವರ ಎದುರಿಗಿದ್ದವರು ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ.

ವ್ಯಾಪಾರಿಗಳ ಈ ಬಲ ಎಲ್ಲಿಂದ ಬಂತು ಎಂದು ತಿಳಿಯಲು ಒಂದು ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಹೋಗಿ ಒಂದು ದಲಾಲಿ ಅಂಗಡಿಯ ಮುಂದೆ ಕೂತು ನೋಡಿ. ಮೆಕ್ಕೆಜೋಳ ಇಳಿಸಿದ ರೈತ ತಕ್ಷಣ ಎದ್ದು ಹೋಗುವುದಿಲ್ಲ. ಗದ್ದುಗೆ ಪಕ್ಕ ಕೂತು ಚಹಾ ಕುಡಿಯುತ್ತಾನೆ, ಮಗಳ ಮದುವೆಗೆ ಮುಂಗಡ ಕೇಳುತ್ತಾನೆ, ಮಗನಿಗೆ ಕಾಲೇಜು ಸೀಟು ಬೇಕು ಅನ್ನುತ್ತಾನೆ, ಆಸ್ಪತ್ರೆಯಲ್ಲಿ ಮಲಗಿರುವ ತಾಯಿಗಾಗಿ ಡಾಕ್ಟರಿಗೆ ಒಂದು ಫೋನ್ ಮಾಡಿಸುತ್ತಾನೆ. ಹಿಂದೆ ವಕೀಲರ ಜಗುಲಿಯಲ್ಲಿ ನಡೆಯುತ್ತಿದ್ದುದೇ ಇಲ್ಲಿ ನಡೆಯುತ್ತಿದೆ. ಇದರ ಜೊತೆಗೆ ಶಿಕ್ಷಣ ಸಂಸ್ಥೆಗಳು ಸೇರಿಕೊಂಡವು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿದ್ದು, ಜೆಜೆಎಂ ವೈದ್ಯಕೀಯ ಕಾಲೇಜು 1965ರಲ್ಲಿ. ಶಿವಶಂಕರಪ್ಪನವರು ಆ ಸಂಸ್ಥೆಯ ಗೌರವ ಕಾರ್ಯದರ್ಶಿಯಾಗಿ ದಶಕಗಳ ಕಾಲ ನಡೆಸಿದರು. ಅವರ ದಾರಿಯನ್ನು ಗಮನಿಸಿ: ವ್ಯಾಪಾರ, ಆಮೇಲೆ ನಗರಸಭೆ, ವಿಧಾನಸಭೆಗೆ ಮೊದಲ ಸಲ ಹೋಗಿದ್ದು 1994ರಲ್ಲಿ, ಅರವತ್ತು ದಾಟಿದ ಮೇಲೆ. 2023ರಲ್ಲಿ ಮತ್ತೆ ಗೆದ್ದಾಗ ತೊಂಬತ್ತೂ ದಾಟಿತ್ತು.

ಹಣ ಮತ್ತು ಮನೆತನ ಇಲ್ಲದವರಿಗೆ ಇಲ್ಲಿ ಜಾಗವೇ ಇಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದ ಕಾಲದಲ್ಲಿ ಇದೇ ಊರು ಗಿರಣಿ ಕಾರ್ಮಿಕರ ಮುಖಂಡರಾದ ಪಂಪಾಪತಿಯವರನ್ನು ಸಿಪಿಐ ಪಕ್ಷದಿಂದ ಶಾಸಕರಾಗಿ ಕಳಿಸಿತು, ಅದೂ ಒಂದಕ್ಕಿಂತ ಹೆಚ್ಚು ಸಲ. ನಗರಸಭೆಯಲ್ಲೂ ಅವರು ಅಧಿಕಾರ ನಡೆಸಿದ್ದರು. ಅವರ ಬಾಗಿಲಿಗೆ ಜನ ಬರುತ್ತಿದ್ದುದು ಸಂಬಳ, ಬೋನಸ್ಸು, ಕೆಲಸದಿಂದ ತೆಗೆದುಹಾಕಿದ ತಕರಾರು ಹಿಡಿದುಕೊಂಡು. ಗಿರಣಿಗಳು ಮುಚ್ಚಿದ ಮೇಲೆ ಆ ಬಾಗಿಲೂ ಮುಚ್ಚಿತು, ಆ ಬಗೆಯ ನಾಯಕರು ಬರುವ ದಾರಿಯೇ ಇಲ್ಲವಾಯಿತು. ನಮ್ಮ ಊರಿಗೆ ಆದ ದೊಡ್ಡ ನಷ್ಟಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಹೆಣ್ಣುಮಕ್ಕಳ ವಿಷಯದಲ್ಲಿ ನಾಗಮ್ಮ ಕೇಶವಮೂರ್ತಿಯವರನ್ನು ನೆನೆಯಬೇಕು. ದಾವಣಗೆರೆಯಲ್ಲಿ ವನಿತಾ ಸಮಾಜ ಕಟ್ಟಿ ಬೆಳೆಸಿದವರು, ಶಾಸಕಿಯಾದವರು. ಮಹಿಳೆಯರಿಗೆ ಮೀಸಲಾತಿ ಇಲ್ಲದ ಕಾಲದಲ್ಲಿ ಒಂದು ಸಂಘವನ್ನೇ ಕಾರ್ಯಕ್ಷೇತ್ರ ಮಾಡಿಕೊಂಡು ಮೇಲೆ ಬಂದರು.

ಈಗ ನಿಮಗೆ ಹತ್ತಿರದ ವಿಷಯ, ಗ್ರಾಮ ಪಂಚಾಯಿತಿ. ನಾನು ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಪಾಠ ಹೇಳಿಕೊಂಡು ಬಂದವನು. ಸದಸ್ಯರಾಗಿ ಬರುವವರಲ್ಲಿ ಬೇಸಾಯಗಾರರು ಹೆಚ್ಚು. ಅವರ ಜೊತೆ ಗೊಬ್ಬರದ ಅಂಗಡಿಯವರು, ಟ್ರ್ಯಾಕ್ಟರ್ ಮಾಲೀಕರು, ಎಲ್‌ಐಸಿ ಏಜೆಂಟರು, ಟೈಲರುಗಳು, ಹೋಟೆಲಿನವರು, ಕೂಲಿಗೆ ಹೋಗುವವರು, ಸಂಘದ ಹೆಣ್ಣುಮಕ್ಕಳು ಇರುತ್ತಾರೆ. ಮೊದಲ ದಿನ ಯಾರೂ ಬಾಯಿ ಬಿಡುವುದಿಲ್ಲ. ಎರಡನೇ ದಿನ ಲೆಕ್ಕದ ಪುಸ್ತಕ, ಕಾಮಗಾರಿಯ ಅಂದಾಜು ಪಟ್ಟಿ ಕೈಗೆ ಕೊಟ್ಟಾಗ ಅವರವರ ಕಸುಬು ಹೊರಗೆ ಬರುತ್ತದೆ.

ಒಂದು ತರಬೇತಿಯಲ್ಲಿ ಮಾದರಿಗೆಂದು ಒಂದು ಚರಂಡಿ ಕಾಮಗಾರಿಯ ಎಸ್ಟಿಮೇಟು ಹಂಚಿದ್ದೆ. ಡಿಗ್ರಿ ಓದಿದವರು ಮೊತ್ತ ನೋಡಿ ಪಕ್ಕಕ್ಕಿಟ್ಟರು. ಹಿಂದಿನ ಸಾಲಿನಲ್ಲಿ ಕೂತಿದ್ದ ಗಾರೆ ಕೆಲಸದ ಸದಸ್ಯರೊಬ್ಬರು, ಓದು ಏಳನೇ ಕ್ಲಾಸು, ಬೆರಳಿಟ್ಟು ಸಾಲು ಸಾಲಾಗಿ ಓದಿ ಎದ್ದು ನಿಂತರು. "ಸಾರ್, ಇದರಾಗೆ ತಳಕ್ಕೆ ನಾಲ್ಕು ಇಂಚು ಕಾಂಕ್ರೀಟು ಅಂತ ಬರೆದಾರೆ. ನಮ್ಮೂರಾಗೆ ಹಾಕಿದ್ದು ಎರಡು ಇಂಚೂ ಇಲ್ಲ. ಎಂ.ಬಿ. ಪುಸ್ತಕದಾಗೆ ಎಷ್ಟು ಬರಕಂಡಾರೆ ಅಂತ ನೋಡೋಕೆ ನಮಗೆ ಹಕ್ಕೈತಾ?" ಎಂದು ಕೇಳಿದರು. ಎಂ.ಬಿ. ಎಂದರೆ ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ. ಹಕ್ಕಿದೆ ಎಂದು ಹೇಳಿದೆ. ಅವರ ಪಕ್ಕದಲ್ಲಿದ್ದ, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹೆಣ್ಣುಮಗಳು ನಗದು ಪುಸ್ತಕದ ಎರಡು ಹಾಳೆ ತಿರುಗಿಸಿ, "ಹೋದ ತಿಂಗಳ ಅಂತಿಮ ಶಿಲ್ಕು ಒಂದೈತೆ, ಈ ತಿಂಗಳ ಆರಂಭದ ಶಿಲ್ಕು ಇನ್ನೊಂದೈತೆ, ನಡುವೆ ಇರೋ ದುಡ್ಡು ಎಲ್ಲಿಗೆ ಹೋಯ್ತು?" ಎಂದರು. ಆ ತಪ್ಪನ್ನು ನಾನೇ ಪಾಠಕ್ಕಾಗಿ ಬೇಕೆಂದು ಸೇರಿಸಿದ್ದೆ. ಅದನ್ನು ಕಂಡುಹಿಡಿದವರು ಅವರೊಬ್ಬರೇ.

ಹೀಗಾಗಿಯೇ, ಪಂಚಾಯಿತಿಗೆ ನಿಲ್ಲಲು ಇಷ್ಟು ಓದಿರಲೇಬೇಕು ಎನ್ನುವ ಕಾನೂನು ನಮ್ಮ ರಾಜ್ಯದಲ್ಲಿ ಇಲ್ಲದಿರುವುದು ನನಗೆ ಸಮಾಧಾನದ ವಿಷಯ. ಹರಿಯಾಣ ಅಂಥ ಕಾನೂನು ತಂದಿತು, ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವೂ ತಂದು 2019ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಇಲ್ಲಿ ಅದು ಬಂದಿದ್ದರೆ ಆ ಗಾರೆಯವರು ಹಿಂದಿನ ಸಾಲಿನಲ್ಲಿಯೂ ಇರುತ್ತಿರಲಿಲ್ಲ.

ಎಚ್ಚರಿಕೆಯ ಮಾತು ಗುತ್ತಿಗೆದಾರರ ಬಗ್ಗೆ. ಇತ್ತೀಚಿನ ವರ್ಷಗಳಲ್ಲಿ ಪಂಚಾಯಿತಿಯಿಂದ ಪಾಲಿಕೆಯವರೆಗೆ ಗುತ್ತಿಗೆ ಕೆಲಸದ ಹಿನ್ನೆಲೆಯವರು ಹೆಚ್ಚು ಬರುತ್ತಿದ್ದಾರೆ. ಕೆಲಸ ಗೊತ್ತಿರುವುದು ಒಳ್ಳೆಯದೇ. ಆದರೆ ತಾನು ಸದಸ್ಯನಾಗಿರುವ ಸಂಸ್ಥೆಯ ಕಾಮಗಾರಿಯಲ್ಲೇ ಪಾಲು ಇಟ್ಟುಕೊಂಡರೆ ಕಾನೂನಿನ ಪ್ರಕಾರ ಸದಸ್ಯತ್ವಕ್ಕೇ ಕುತ್ತು. ಅದಕ್ಕೆ ಬಾಮೈದನ ಹೆಸರಿನಲ್ಲೋ ಸ್ನೇಹಿತನ ಹೆಸರಿನಲ್ಲೋ ಲೈಸೆನ್ಸು ಇರುತ್ತದೆ. ಬಿಲ್ಲು ಪಾಸು ಮಾಡುವ ಸಭೆಯಲ್ಲಿ ಅವರೇ ಕೂತಿರುತ್ತಾರೆ. ಎಂಥ ಬಡತನವಿದ್ದರೂ ಆ ದಾರಿ ಹಿಡಿಯಬೇಡಿ, ನಿಮ್ಮ ಮನೆಯವರಿಗೂ ಹಿಡಿಯಲು ಬಿಡಬೇಡಿ.

ಹಾಗಾದರೆ ನೀವು ಏನು ಮಾಡಬೇಕು? ನಿಮ್ಮ ಹತ್ತಿರ ಬಿ.ಕಾಂ. ಇದೆ, ಊರಿನಲ್ಲಿ ಇದ್ದೀರಿ, ಅಮ್ಮನ ಸಂಘವಿದೆ. ಇದು ಸಣ್ಣ ಬಂಡವಾಳವಲ್ಲ. ಲೆಕ್ಕದ ಕೆಲಸ ಹಿಡಿಯಿರಿ ಎಂದು ನಾನು ಹೇಳುತ್ತೇನೆ. ನಿಮ್ಮ ಭಾಗದ ವ್ಯವಸಾಯ ಸೇವಾ ಸಹಕಾರ ಸಂಘ, ಶಿಮುಲ್‌ಗೆ (ಶಿವಮೊಗ್ಗ ಹಾಲು ಒಕ್ಕೂಟ) ಹಾಲು ಹಾಕುವ ಡೇರಿ ಸಂಘ, ಮಹಿಳಾ ಸಂಘಗಳ ಒಕ್ಕೂಟ, ಇವುಗಳಲ್ಲಿ ಲೆಕ್ಕ ಬರೆಯುವವರು, ಆಡಿಟ್‌ಗೆ ಕಾಗದ ಜೋಡಿಸುವವರು ಯಾವಾಗಲೂ ಬೇಕು. ಒಂದು ಕಂಪ್ಯೂಟರ್ ಇಟ್ಟುಕೊಂಡು ಸೇವಾ ಕೇಂದ್ರ ನಡೆಸುವುದಾದರೆ ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಪಿಂಚಣಿ ಅರ್ಜಿಗೆ ಇಡೀ ಊರು ನಿಮ್ಮ ಹತ್ತಿರವೇ ಬರುತ್ತದೆ. ಯಾರ ಮನೆಗೆ ಇ-ಸ್ವತ್ತು ಆಗಿಲ್ಲ, ಯಾವ ಅಜ್ಜಿಯ ಪಿಂಚಣಿ ನಿಂತಿದೆ ಎನ್ನುವುದು ವರ್ಷದೊಳಗೆ ನಿಮಗೆ ಬಾಯಿಪಾಠ ಆಗುತ್ತದೆ. ಗೌರವಧನ ನಂಬಿ ಪಂಚಾಯಿತಿಗೆ ಹೋದವರು ಎರಡನೇ ವರ್ಷಕ್ಕೇ ಯಾರದೋ ಹಂಗಿಗೆ ಬೀಳುತ್ತಾರೆ. ನಿಮಗೆ ಆ ಗತಿ ಬರುವುದಿಲ್ಲ.

ಎಲ್‌ಎಲ್‌ಬಿ ಬೇಡ ಎಂದಲ್ಲ. ಪದವಿಯ ಮೇಲೆ ಮೂರು ವರ್ಷದ ಕೋರ್ಸು. ಓದಿ ಸನ್ನದು ತೆಗೆದುಕೊಂಡು ತಾಲ್ಲೂಕು ಕೋರ್ಟಿನಲ್ಲಿ ನಿಜವಾಗಿಯೂ ವಕೀಲಿ ಮಾಡುವ ಮನಸ್ಸಿದ್ದರೆ ಓದಿ, ಹಿಂದಿನವರಿಗೆ ಆದ ಉಪಕಾರ ನಿಮಗೂ ಆಗುತ್ತದೆ. ಹೆಸರಿನ ಮುಂದೆ ಹಾಕಿಕೊಳ್ಳುವುದಕ್ಕಾದರೆ ಆ ಮೂರು ವರ್ಷವನ್ನು ಊರಿಗೆ ಕೊಡಿ.

ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸು 21 ತುಂಬಿರಬೇಕು, ನಿಮಗೆ ತುಂಬಿದೆ. ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇದ್ದರೆ ಆ ಪಂಚಾಯಿತಿಯ ಯಾವ ಕ್ಷೇತ್ರದಿಂದಲಾದರೂ ನಿಲ್ಲಬಹುದು. ದಾವಣಗೆರೆಯಲ್ಲಿ ಓದುವಾಗ ಹೆಸರನ್ನು ಅಲ್ಲಿಗೆ ವರ್ಗ ಮಾಡಿಸಿಕೊಂಡಿದ್ದರೆ ಮೊದಲು ಊರಿಗೆ ತರಿಸಿ. ಮುಂದೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ, ಮನೆಯಲ್ಲಿ ಮದುವೆಯ ಮಾತು ನಡೆಯುವಾಗಲೇ ನಿಮ್ಮ ಆಸೆಯನ್ನು ಬಿಚ್ಚಿ ಹೇಳಿಬಿಡಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಆದ್ದರಿಂದ ಟಿಕೆಟ್ಟಿಗೆ ಯಾರ ಮನೆ ಬಾಗಿಲನ್ನೂ ಕಾಯಬೇಕಿಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಅಧ್ಯಕ್ಷ ಸ್ಥಾನದ ಅವಧಿ ಮೂವತ್ತು ತಿಂಗಳು, ಮೀಸಲಾತಿ ಸುತ್ತುತ್ತಾ ಇರುತ್ತದೆ. ದಾವಣಗೆರೆಯಂಥ ಮಹಾನಗರ ಪಾಲಿಕೆಯಲ್ಲಂತೂ ಮೇಯರ್ ಗಾದಿ ಒಂದೇ ವರ್ಷದ್ದು ಎಂಬ ಪದ್ಧತಿ. ಬಜೆಟ್ ಪುಸ್ತಕ ಅರ್ಥವಾಗುವ ಹೊತ್ತಿಗೆ ಇಳಿಯುವ ದಿನ ಬಂದಿರುತ್ತದೆ. ಹೀಗಿರುವಾಗ ಹಳೆಯ ಕಸುಬಿನಿಂದ ಲೆಕ್ಕ ಕಲಿತು ಬಂದವರಿಗೆ ಮಾತ್ರ ಆ ಸಣ್ಣ ಅವಧಿ ಸಾಲುತ್ತದೆ, ಉಳಿದವರು ಅಧಿಕಾರಿಗಳು ತೋರಿಸಿದಲ್ಲಿ ಸಹಿ ಹಾಕುತ್ತಾರೆ. ನಡುವಿನ ಮೆಟ್ಟಿಲುಗಳಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಿಮ್ಮಂಥವರು ಮೇಲೆ ಬರುವ ಏಣಿಯನ್ನೇ ತೆಗೆದಿಟ್ಟ ಹಾಗೆ ಇದು, ಇದರಲ್ಲಿ ಎಲ್ಲ ಪಕ್ಷಗಳ ಪಾಲೂ ಇದೆ.

ಯಾವುದೇ ನಾಯಕರ ಹಿನ್ನೆಲೆ ತಿಳಿಯಲು ಊಹಾಪೋಹ ನಂಬಬೇಡಿ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಅಭ್ಯರ್ಥಿಗಳು ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ಓದು, ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆ ಅದರಲ್ಲಿ ಇರುತ್ತವೆ. ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳದ್ದರಲ್ಲಿ ಸ್ವಂತ ವೃತ್ತಿ, ಗಂಡ ಅಥವಾ ಹೆಂಡತಿಯ ವೃತ್ತಿ, ಆದಾಯದ ಮೂಲವೂ ಸಿಗುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ತೆಗೆಯಬಹುದು. ನಿಮ್ಮ ಕ್ಷೇತ್ರದ ಹಿಂದಿನ ಅಭ್ಯರ್ಥಿಗಳದ್ದನ್ನು ತೆಗೆದು "ವೃತ್ತಿ" ಎಂಬ ಕಲಮಿನಲ್ಲಿ ಏನು ಬರೆದಿದ್ದಾರೆ ನೋಡಿ. ಬಹಳಷ್ಟು ಜನ "ಕೃಷಿ" ಎಂದು ಬರೆದಿರುತ್ತಾರೆ. ಪಕ್ಕದಲ್ಲೇ ಇರುವ ಆಸ್ತಿ ವಿವರದಲ್ಲಿ ಕ್ರಷರ್, ಪೆಟ್ರೋಲ್ ಬಂಕ್, ನಿವೇಶನಗಳು ಕಾಣಿಸುತ್ತವೆ. ಎರಡನ್ನೂ ಒಟ್ಟಿಗೆ ಓದಿದರೆ ಆ ವ್ಯಕ್ತಿ ಯಾವ ಕೆಲಸದಿಂದ ಬಂದವರು ಎಂದು ಗೊತ್ತಾಗುತ್ತದೆ.

ಚುನಾವಣೆಗೆ ಕಾಯದೆ ಇವತ್ತೇ ಮಾಡಬಹುದಾದದ್ದು ಒಂದಿದೆ. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಜಮಾಬಂದಿ ನಡೆಯುತ್ತದೆ. ಹಿಂದಿನ ಸಾಲಿನ ಲೆಕ್ಕವನ್ನೂ ಕಾಮಗಾರಿಯನ್ನೂ ಊರಿನವರ ಎದುರಿಗೆ ಇಡುವ ದಿನ ಅದು. ಬಹಳ ಕಡೆ ಹತ್ತು ಜನವೂ ಸೇರುವುದಿಲ್ಲ. ನೀವು ಅಮ್ಮನನ್ನೂ ಸಂಘದವರನ್ನೂ ಕರೆದುಕೊಂಡು ಹೋಗಿ. ದಿನಾಂಕ ಯಾವುದೆಂದು ಪಿಡಿಒ ಅವರನ್ನು ಕೇಳಿ, ಅದಕ್ಕೆ ಮುಂಚೆಯೇ ಕ್ರಿಯಾ ಯೋಜನೆಯ ಪ್ರತಿ ಕೊಡಿ ಎಂದು ಬರವಣಿಗೆಯಲ್ಲಿ ಅರ್ಜಿ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.